ಅಕ್ಷರದ ತವರಿನವರಿಗೆ ಅನಂತರಾಜುವಿನ ಪಾಠ

ದೊಡ್ಡಆಲಹಳ್ಳಿಯ ಅನಂತರಾಜುವಿಗೆ ಜಪಾನಿ ಭಾಷೆ ಎಷ್ಟು ಬರುತ್ತದೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಜಪಾನಿ ಬಲ್ಲವರು ಕೇಳಿದರೆ "ಒಸಿ ಒಸಿ" ಎನ್ನುತ್ತಿದ್ದ. ಬಾರದವರು ಕೇಳಿದರೆ ಏನೂ ಹೇಳದೆ ಕಣ್ಣು ಅರೆಮುಚ್ಚಿ ಮುಗುಳ್ನಗುತ್ತಿದ್ದ. ದೊಡ್ಡಆಲಹಳ್ಳಿಯಲ್ಲಿ ಜಪಾನಿ ಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ಊರಿನವರು ಕಂಡದ್ದು ಆ ಮುಗುಳ್ನಗೆಯನ್ನು ಮಾತ್ರ.

ಅವನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಜಪಾನಿ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು, ಬೋಲ್ಟು, ಕೈಗವಸು ಹಂಚುವ ಕೆಲಸದಲ್ಲಿದ್ದ. ನಾಲ್ಕು ವರ್ಷದ ಕೆಳಗೆ ಕಾರ್ಖಾನೆಯವರು ಶಿಫ್ಟು ಮುಗಿದ ಮೇಲೆ ಜಪಾನಿ ಕಲಿಸಲು ಒಂದು ತರಗತಿ ತೆರೆದರು. ಬೋಂಡ, ಕಾಫಿ ಕೊಡುತ್ತಾರೆಂದು ಇಪ್ಪತ್ತೆರಡು ಜನ ಸೇರಿದರು. ಎರಡನೇ ತಿಂಗಳು ಬೋಂಡ ನಿಂತಿತು, ಮೂವರು ಉಳಿದರು. ಆ ಮೂವರಲ್ಲಿ ಪರೀಕ್ಷೆ ಕಟ್ಟಿ ಎರಡನೇ ಸಲಕ್ಕೆ ಪಾಸಾದವನು ಅನಂತರಾಜು ಒಬ್ಬನೇ. ಆ ಪರೀಕ್ಷೆಯಲ್ಲಿ ಐದು ದರ್ಜೆಗಳುಂಟು. ಒಂದನೆಯದು ಎಲ್ಲಕ್ಕಿಂತ ಮೇಲಿನದು, ಐದನೆಯದು ಎಲ್ಲಕ್ಕಿಂತ ಕೆಳಗಿನದು. ಅನಂತರಾಜು ಪಾಸಾದದ್ದು ಐದನೆಯದನ್ನು. ಆದರೆ ಒಂದನೇ ಕ್ಲಾಸಿಗಿಂತ ಐದನೇ ಕ್ಲಾಸು ದೊಡ್ಡದೆಂದು ಊರಿಗೆ ಊರೇ ನಂಬಿರುವಾಗ, ಅದನ್ನು ತಿದ್ದಿ ಜನರ ಮನಸ್ಸು ನೋಯಿಸುವಷ್ಟು ಕಟುಕ ಅವನಲ್ಲ. ತಮ್ಮನ ಮಗಳ ನಾಮಕರಣದ ಕಾರ್ಡಿನಲ್ಲಿ ತನ್ನ ಹೆಸರಿನ ಮುಂದೆ 'ಬಿ.ಕಾಂ., ಜಪಾನ್ ಐದು' ಎಂದು ಅಚ್ಚು ಹಾಕಿಸಿ ಸುಮ್ಮನಾದ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಆ ತರಗತಿಯ ಮೊದಲನೇ ದಿನ ಅನಂತರಾಜು ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಕನಕಪುರಕ್ಕೆ ಹೋಗಿದ್ದ. ಜಪಾನಿ ಬರಹ ಎಲ್ಲಿ ಹುಟ್ಟಿತು, ಯಾರಿಂದ ಬಂತು ಎಂಬುದನ್ನೆಲ್ಲ ಟೀಚರು ಆ ಮೊದಲನೇ ದಿನವೇ ಹೇಳಿ ಮುಗಿಸಿದ್ದರು. ಮುಂದೆ ನಡೆದದ್ದಕ್ಕೆಲ್ಲ ಆ ಅತ್ತೆಯ ಎಡಗಣ್ಣೇ ಮೂಲ ಎಂದರೆ ತಪ್ಪಾಗಲಾರದು.

ಕಾಂಜಿ ಎಂದು ಕರೆಯುವ ಚಿತ್ರಾಕ್ಷರಗಳನ್ನು ಅನಂತರಾಜು ಬೆವರು ಸುರಿಸಿ ಕಲಿತಿದ್ದ. ಒಂದೊಂದು ಅಕ್ಷರವೂ ಒಂದೊಂದು ಗುಡಿಯ ಗೋಪುರದಂತೆ. ಗೀಟಿನ ಮೇಲೆ ಗೀಟು, ಅದರೊಳಗೊಂದು ಚೌಕ, ಚೌಕದೊಳಗೆ ಮತ್ತೆ ಗೀಟು. ಮಗ ಜಗಲಿಯ ಮೇಲೆ ಕುಳಿತು ನಾಲಗೆ ಕಚ್ಚಿಕೊಂಡು ಬರೆಯುವುದನ್ನು ಕಂಡು ತಾಯಿ ಶಿವಲಿಂಗಮ್ಮ ಅಕ್ಕಪಕ್ಕದವರಿಗೆ, "ಗಂಜಿ ಬರೀತಾ ಅವ್ನೆ, ಮಾತಾಡಿಸ್ಬ್ಯಾಡಿ" ಎನ್ನುತ್ತಿದ್ದಳು. ಎರಡು ವರ್ಷದಲ್ಲಿ ನೂರಾ ಮೂರು ಅಕ್ಷರ ಬಂದವು. ಅದರಲ್ಲಿ ಮೂರು ಆಗಾಗ ಮರೆತುಹೋಗುತ್ತಿದ್ದವು.

ಹೋದ ಜನವರಿಯಲ್ಲಿ ಕಾರ್ಖಾನೆಯ ಎಚ್.ಆರ್. ಮ್ಯಾನೇಜರ್ ಅಶ್ವಥ್ ಅವನನ್ನು ಕರೆಸಿದರು.

"ಚೈನಾದಿಂದ ನಾಲ್ಕು ಜನ ಬಂದಿದಾರೆ ಅನಂತರಾಜು, ಹೊಸ ಪ್ರೆಸ್ ಮೆಷಿನ್ ಕೂರಿಸೋಕೆ. ಇಲ್ಲಿ ಕೆಲಸ ಮುಗಿದ ಮೇಲೆ ಜಪಾನಿನ ಹೆಡ್ಡಾಫೀಸಿಗೆ ಹೋಗೋರು. ಆದರೆ ಜಪಾನಿ ಬರಹ ಓದೋ ಪರೀಕ್ಷೆ ಪಾಸಾಗ್ಬೇಕು. ನಮ್ಮ ಪ್ಲಾಂಟ್ ಹೆಡ್ ಕುರೋದಾ ಸಾರೇ ಏಪ್ರಿಲಲ್ಲಿ ಪರೀಕ್ಷೆ ಮಾಡ್ತಾರೆ. ಫೇಲಾದವರು ವಾಪಸ್ ಊರಿಗೆ, ಹಳೇ ಕೆಲಸಕ್ಕೆ."

"ಪಾಠಕ್ಕೆ ಬೆಂಗ್ಳೂರಿನ ಮೇಡಮ್ಮೋರು ಅವ್ರಲ್ಲ ಸಾ?"

"ಅವರು ಹೆರಿಗೆ ರಜೆ. ನೀವಿದ್ದೀರಲ್ಲ, ಜಪಾನ್ ಐದು!"

ಅಶ್ವಥ್ ಕೂಡ ನಾಮಕರಣದ ಊಟಕ್ಕೆ ಬಂದಿದ್ದರು ಎಂಬುದು ಅನಂತರಾಜುವಿಗೆ ಆಗ ನೆನಪಾಯಿತು. ಬಾಯಿ ತೆರೆದ. ಕಣ್ಣು ಅರೆಮುಚ್ಚಿ ಮುಗುಳ್ನಕ್ಕ. ಅಶ್ವಥ್ ಅದನ್ನು ಒಪ್ಪಿಗೆ ಎಂದು ತಿಳಿದರು.

ತರಗತಿ ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ. ಮುಂದಿನ ಬೆಂಚಿನಲ್ಲಿ ಲಿನ್ ಎಂಬ ಮೂವತ್ತರ ಹೆಣ್ಣುಮಗಳು, ಎಲೆಕ್ಟ್ರಿಕಲ್ ಇಂಜಿನಿಯರು. ಅವಳ ಪಕ್ಕ ಝಾವೊ, ಪ್ರೆಸ್ಸಿನ ಮುಖ್ಯ ಫಿಟ್ಟರು, ದುಂಡು ಮುಖದ ದೊಡ್ಡ ಆಳು. ಹಿಂದೆ ಕುಳಿತ ಇಬ್ಬರು ಯಾವಾಗಲೂ ಒಟ್ಟಿಗೇ ತಲೆಯಾಡಿಸುತ್ತಿದ್ದುದರಿಂದ ಅನಂತರಾಜು ಕೊನೆಯವರೆಗೂ ಅವರಿಬ್ಬರನ್ನು ಬಿಡಿಸಿ ಗುರುತು ಹಿಡಿಯಲಾರದೆ ಹೋದ. ಅವರಿಗೂ ಇವನಿಗೂ ನಡುವೆ ಒಂದಿಷ್ಟು ಮುರುಕು ಇಂಗ್ಲಿಷು, ಮಾತು ತಿರುಗಿಸಿ ಹೇಳುವ ಮೊಬೈಲು, ಬಾಕಿಯೆಲ್ಲ ಕೈಸನ್ನೆ.

ಅನಂತರಾಜು ಗಂಟಲು ಸರಿಮಾಡಿಕೊಂಡು ಬೋರ್ಡಿನ ಮೇಲೆ ತ್ರಿಶೂಲದಂಥ ಒಂದು ಅಕ್ಷರ ಬರೆದ. ಬೆಟ್ಟ ಎಂದರ್ಥ. ಕಿಟಕಿಯಾಚೆ ಕಾಣುವ ಬಂಡೆಬೆಟ್ಟವನ್ನು ತೋರಿಸಿ, ಇದು ಅದು, ಅದು ಇದು ಎಂದು ಅರ್ಧ ಗಂಟೆ ವಿವರಿಸಲು ಸಿದ್ಧನಾಗಿ ಬಂದಿದ್ದ. ಅವನು ಕೈ ಎತ್ತುವ ಮೊದಲೇ ನಾಲ್ವರೂ ಒಟ್ಟಿಗೆ, "ಮೌಂಟನ್" ಎಂದರು.

ಅನಂತರಾಜುವಿಗೆ ಆಶ್ಚರ್ಯವಾಯಿತು. ಮರ ಎಂಬ ಅಕ್ಷರ ಬರೆದ. "ಟ್ರೀ." ಮೂರು ಮರ ಕೂಡಿಸಿ ಕಾಡು ಬರೆದ. "ಫಾರೆಸ್ಟ್." ನೀರು, ಬೆಂಕಿ, ಚಿನ್ನ, ಮಣ್ಣು. ಅವನ ಸೀಮೆಸುಣ್ಣ ಬೋರ್ಡಿನಿಂದ ಏಳುವ ಮೊದಲೇ ಉತ್ತರ. ಕೊನೆಗೆ ತನ್ನ ಬತ್ತಳಿಕೆಯ ಮಹಾಸ್ತ್ರವನ್ನೇ ಹೊರತೆಗೆದ. ವಾರದ ಹೆಸರುಗಳಲ್ಲಿ ಬರುವ ಹದಿನೆಂಟು ಗೀಟಿನ ಅಕ್ಷರ. ಅದನ್ನು ಕಲಿಯಲು ಅವನಿಗೆ ಮೂರು ವಾರ ಹಿಡಿದಿತ್ತು. ಹದಿನಾಲ್ಕನೇ ಗೀಟಿನಲ್ಲಿ ಅವನಿಗೇ ದಾರಿ ತಪ್ಪಿ ಕೈ ನಿಂತಿತು. ಝಾವೊ ಮೆಲ್ಲಗೆ ಎದ್ದು ಬಂದು, ಅವನ ಕೈಯಿಂದ ಸುಣ್ಣ ತೆಗೆದುಕೊಂಡು ಉಳಿದ ನಾಲ್ಕು ಗೀಟು ಎಳೆದು, ನಮಸ್ಕಾರ ಮಾಡಿ ಹೋಗಿ ಕೂತ.

ಅನಂತರಾಜುವಿನ ಮೈ ಜುಮ್ಮೆಂದಿತು. ತೋರಿಸುವ ಮೊದಲೇ ಕಲಿಯುವ ಶಿಷ್ಯರನ್ನು ಅವನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

"ನಿಮಗೆ ಇನ್ನೂ ಗೊತ್ತಾ?" ಎಂದು ಕೇಳಿದ.

ಝಾವೊ ನಾಚುತ್ತ ಮತ್ತೆ ಎದ್ದ. ಬೋರ್ಡಿನ ನಡುವೆ ಬರೆಯತೊಡಗಿದ. ಹತ್ತು ಗೀಟಾಯಿತು. ಇಪ್ಪತ್ತಾಯಿತು. ಅನಂತರಾಜು ಬೆರಳು ಮಡಚಿ ಎಣಿಸುತ್ತಿದ್ದವನು ಬೆರಳು ಮುಗಿದು ಗೋಡೆಗೆ ಒರಗಿದ. ಐವತ್ತು ದಾಟಿದ ಮೇಲೆ ಝಾವೊ ನಿಂತ. ಬೋರ್ಡಿನ ಮೇಲೆ ಅಕ್ಷರವಲ್ಲ, ಒಂದು ತೊಟ್ಟಿಮನೆಯೇ ಎದ್ದು ನಿಂತಿತ್ತು. ಏನಿದು ಎಂದರೆ ಲಿನ್‌ಳ ಮೊಬೈಲು, "ಇದು ಅವರ ಊರಿನ ಅಗಲವಾದ ಶಾವಿಗೆಯ ಹೆಸರು" ಎಂದು ಗ್ರಂಥಸ್ಥ ಕನ್ನಡದಲ್ಲಿ ಉಲಿಯಿತು.

ಅನಂತರಾಜು ಅದನ್ನು ಹೀಗೆ ಅರ್ಥ ಮಾಡಿಕೊಂಡ: ತಾನು ಹೇಳಿಕೊಟ್ಟ ಸೂತ್ರ ಹಿಡಿದು ಈ ಮಹಾನುಭಾವ ನಿಂತ ನಿಲುವಿನಲ್ಲೇ ತನ್ನೂರ ಶಾವಿಗೆಗೆ ಹೊಸ ಜಪಾನಿ ಅಕ್ಷರವೊಂದನ್ನು ಕಟ್ಟಿದ್ದಾನೆ! ಸೀಮೆಸುಣ್ಣವನ್ನು ಕಣ್ಣಿಗೊತ್ತಿಕೊಂಡ.

ಚೀನಾದವರಿಗೂ ಒಂದು ಬರಹವಿರಬೇಕು ಎಂದು ಅವನಿಗೆ ತಿಳಿಯದೇನಲ್ಲ. ಆದರೆ ನಮ್ಮದೂ ತಮಿಳರದೂ ಬೇರೆ ಬೇರೆ ಇರುವಂತೆ ಅವರದೂ ಬೇರೆ ಎಂದು ತಿಳಿದಿದ್ದ. ಆ ನಾಲ್ವರೋ ಬಾಯಿಬಿಟ್ಟು ಹೇಳಲಿಲ್ಲ. ಮೇಷ್ಟ್ರು ಮೊದಲ ದಿನ ಸುಲಭದ್ದು ಕೊಟ್ಟು ಹುರಿದುಂಬಿಸುತ್ತಿದ್ದಾರೆ, ನಡುವೆ ಬಾಯಿ ಹಾಕುವುದು ಮರ್ಯಾದೆಯಲ್ಲ ಎಂದು ಅವರ ಎಣಿಕೆ. ಅವರು ಕೇಳುತ್ತಿದ್ದುದು ಒಂದೇ. "ಮಾಸ್ಟರ್, ಸೌಂಡ್?" ಇವನು ಬೆಟ್ಟಕ್ಕೆ ಜಪಾನಿಯಲ್ಲಿ "ಯಾಮಾ" ಎಂದರೆ ನಾಲ್ವರೂ ಆತುರದಿಂದ ಬರೆದುಕೊಳ್ಳುತ್ತಿದ್ದರು. ಇದು ಬರೀ ವಿನಯ ಎಂದು ಅನಂತರಾಜು ಅಂದುಕೊಂಡ.

ಆ ಸಂಜೆ ಕನಕಪುರದ ಬಸ್ಸಿನಲ್ಲಿ ಅವನು ಕಂಡಕ್ಟರಿಗೆ ಮಾತ್ರ ಹೇಳಿದ. ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅನಂತರಾಜು ಹೇಳಿದ್ದು ನಲವತ್ತು ಅಕ್ಷರ. ಹಾಲಿನ ಡೇರಿಯ ಹತ್ತಿರ ಅದು ಮುನ್ನೂರಾಗಿತ್ತು.

ಡೇರಿಯ ಅಧ್ಯಕ್ಷ ಪುಟ್ಟಸ್ವಾಮಿ ಪಕ್ಕದ ಮನೆಯವನು. ಅಡ್ಡ ಹಾಕಿ ಕೇಳಿದ. "ಏನ್ಲಾ ಅನಂತ, ಚೀನಾದವ್ರಿಗೆ ಒಂದಿನಕ್ಕೆ ಮುನ್ನೂರು ಅಕ್ಸರ ಕಲಿಸ್ಬುಟ್ಯಂತೆ?"

"ನಂದೇನೈತೆ ಬುಡಣ್ಣ. ಅವ್ರೇ ಬುದ್ಧಿವಂತ್ರು."

"ನೋಡ್ಲಾ, ಎಂಥ ವಿನಯ! ಜಪಾನಿಂದೇ ಕಣ್ಲಾ ಇದು!"

ಬಂದ ಭಾನುವಾರ ಬೆಳಿಗ್ಗೆ ಪುಟ್ಟಸ್ವಾಮಿ ಎಪ್ಪತ್ತು ದಾಟಿದ ಬೋರಲಿಂಗಯ್ಯನನ್ನು ಕೈಹಿಡಿದು ಕರೆತಂದ. ಬೋರಲಿಂಗಯ್ಯ ಹುಟ್ಟಿದಾಗಿನಿಂದ ಹೆಬ್ಬೆಟ್ಟು ಒತ್ತಿಕೊಂಡು ಬಂದವನು. "ಚೀನಾದವ್ರಿಗೆ ಒಂದಿನ ಸಾಕಾಗೋದಾದ್ರೆ ನಮ್ಮೋನಿಗೆ ಅರ್ಧ ದಿನ ಸಾಕು. ರುಜು ಹಾಕೋದು ಕಲಿಸ್ಬುಡು" ಎಂದು ಕೂರಿಸಿ ಹೋದ. ಸಂಜೆಯವರೆಗೆ ಬೋರಲಿಂಗಯ್ಯ ಒಂದೇ ಒಂದು 'ಬೋ' ಬರೆದ. ಅದು ಮಲಗಿದ ಎಮ್ಮೆಯಂತಿತ್ತು. ಹೊರಟು ನಿಂತಾಗ ಅವನು ಊರಿಗೆ ಕೇಳುವಂತೆ ಸಾರಿದ. "ಮೇಷ್ಟ್ರುದ್ದು ಏನೂ ತಪ್ಪಿಲ್ಲ ಕಣ್ರಪ್ಪ. ನನ್ ತಲೆ ಚೀನಾದ್ದಲ್ಲ, ಅಷ್ಟೇಯ."

ಇದರಿಂದ ಅನಂತರಾಜುವಿನ ಕೀರ್ತಿ ಕುಗ್ಗಲಿಲ್ಲ, ಇನ್ನಷ್ಟು ಹಬ್ಬಿತು. ಕಾರ್ಖಾನೆಯಲ್ಲಿ ಅಶ್ವಥ್ 'ಅಲ್ಪಾವಧಿಯಲ್ಲಿ ಅಭೂತಪೂರ್ವ ಪ್ರಗತಿ' ಎಂದು ವರದಿ ಬರೆದು ಹೆಡ್ಡಾಫೀಸಿಗೆ ಕಳಿಸಿದರು. ಅನಂತರಾಜು ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಭಯಭಕ್ತಿಯಿಂದ ನೋಡಿಕೊಳ್ಳತೊಡಗಿದ. ಹೆಂಡತಿ ಪ್ರತಿಮಾ ಮಾತ್ರ, "ನಂಗೆ ಕಲಿಸಿದ ಸ್ಕೂಟರ್ರು ಇನ್ನೂ ಬಂದಿಲ್ಲ, ಅದೊಂದು ನೋಡಿ" ಎಂದಳು. ಮಹಾಪುರುಷರ ಮನೆಗಳಲ್ಲಿ ಇಂಥ ಮಾತು ಇದ್ದದ್ದೇ.

ಫೆಬ್ರವರಿಯ ಒಂದು ಭಾನುವಾರ ಡೇರಿಯ ಕಟ್ಟಡದಲ್ಲಿ ಸನ್ಮಾನ ಎಂದು ಪುಟ್ಟಸ್ವಾಮಿ ಗೊತ್ತು ಮಾಡಿದ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಶಿಷ್ಯರೂ ಬರಬೇಕು, ಗುರುವಿನ ಮನೆಯಲ್ಲಿ ತಿಂಡಿ ತಿಂದು ಮೆರವಣಿಗೆಯಲ್ಲಿ ಡೇರಿಗೆ ಹೋಗುವುದು.

ಅಂದು ಬೆಳಿಗ್ಗೆ ಶಿವಲಿಂಗಮ್ಮ ಅತಿಥಿಗಳಿಗೆ ಸಂತೋಷವಾಗಲೆಂದು ಮಗನ ನೋಟ್ಬುಕ್ಕು ತಿರುವಿಹಾಕಿ, ಎರಡು ಕಡೆಯೂ ಸಮನಾಗಿದ್ದ ಒಂದು ಚೆಂದದ ಜೋಡಿ ಅಕ್ಷರವನ್ನು ಆರಿಸಿ, ಬಾಗಿಲ ಮುಂದೆ ದೊಡ್ಡದಾಗಿ ರಂಗೋಲಿ ಹಾಕಿದ್ದಳು. ಒಂದರ ಮೇಲೊಂದು ಎರಡು ತ್ರಿಶೂಲ, ಕೆಳಗೊಂದು ಚೌಕ. ಕೆಮ್ಮಣ್ಣಿನ ಅಂಚು ಬೇರೆ.

ಹತ್ತು ಗಂಟೆಗೆ ಕಾರು ಬಂತು. ನಾಲ್ವರೂ ಇಳಿದರು, ಬಾಗಿಲವರೆಗೆ ಬಂದರು, ರಂಗೋಲಿ ನೋಡಿದರು, ನಿಂತರು. ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡು, ಗೋಡೆಯ ಬದಿಯಿಂದ ಸುತ್ತು ಹಾಕಿ, ಕೊಟ್ಟಿಗೆಯ ಕಡೆಯಿಂದ, ಹಸುವಿಗೆ ಕೈಮುಗಿದು, ಬಚ್ಚಲಮನೆ ದಾಟಿ, ಅಡುಗೆಮನೆಯೊಳಕ್ಕೆ ಬಂದರು. ಒಗ್ಗರಣೆ ಹಾಕುತ್ತಿದ್ದ ಪ್ರತಿಮಾ ಸೌಟು ಬಿಟ್ಟಳು.

"ಯಾಕೆ ಹಿಂಗೆ ಬಂದ್ರು?" ಎಂದು ಶಿವಲಿಂಗಮ್ಮ ಗಾಬರಿಯಾದಳು.

ಅನಂತರಾಜು ಓಡಿ ಹೋಗಿ ರಂಗೋಲಿ ನೋಡಿದ. ಬೆವೆತ. "ಅವ್ವ, ಇದು 'ಹೊರಕ್ಕೆ ಹೋಗುವ ದಾರಿ' ಅಂತ ಬರ್ದಿರೋದು ಕಣವ್ವ!"

"ಹೋಗ್ಲಿ ಬುಡು," ಎಂದಳು ಶಿವಲಿಂಗಮ್ಮ ಸುಧಾರಿಸಿಕೊಂಡು. "ಓದ್ಕಂಡ್ರಲ್ಲ! ಎಂಥ ಮೇಷ್ಟ್ರಪ್ಪ ನೀನು!"

ಡೇರಿಯಲ್ಲಿ ಇನ್ನೂರು ಜನ ಸೇರಿದ್ದರು. ಪುಟ್ಟಸ್ವಾಮಿ ಮೈಕಿನಲ್ಲಿ ಅರ್ಧ ಗಂಟೆ ಮಾತಾಡಿ, ಪೇಟ ತೊಡಿಸಿ, ಶಾಲನ್ನು ಬಿಡಿಸಿ ಅನಂತರಾಜುವಿನ ಎಡಹೆಗಲಿಗೆ ಹೊದಿಸಿ, ಬಲಹೆಗಲಿಗೆ ಎಳೆಯುವ ಮೊದಲು, "ಶಿಷ್ಯರ ಪರವಾಗಿ ಲಿನ್ನಮ್ಮೋರು ಒಂದೆರಡು ಮಾತು" ಎಂದ. ಲಿನ್ ತನ್ನ ಮಾತನ್ನು ಮೊಬೈಲಿಗೆ ಹೇಳಿ, ಮೊಬೈಲನ್ನು ಮೈಕಿಗೆ ಹಿಡಿದಳು. ಮೊಬೈಲಿನ ಹೆಣ್ಣುದನಿ ಸ್ಪಷ್ಟವಾಗಿ ಉಲಿಯಿತು.

"ಪೂಜ್ಯರೇ. ನಮ್ಮ ಗುರುಗಳು ಬಹಳ ಒಳ್ಳೆಯವರು. ಈ ಅಕ್ಷರಗಳು ನಮ್ಮ ದೇಶದವು. ಸಾವಿರದ ಐನೂರು ವರ್ಷಗಳ ಹಿಂದೆ ಅವು ನಮ್ಮಿಂದ ಜಪಾನಿಗೆ ಹೋದವು. ನಾವು ಅವುಗಳನ್ನು ಬಾಲ್ಯದಲ್ಲೇ ಕಲಿತಿದ್ದೇವೆ. ಆದರೂ ಗುರುಗಳು ಮತ್ತೊಮ್ಮೆ ತಾಳ್ಮೆಯಿಂದ ಕಲಿಸಿದರು. ಧನ್ಯವಾದಗಳು."

ಪುಟ್ಟಸ್ವಾಮಿ ಶಾಲಿನ ಇನ್ನೊಂದು ತುದಿ ಹಿಡಿದವನು ಹಾಗೆಯೇ ನಿಂತಿದ್ದ. ಮೈಕು ಆನ್ ಆಗಿತ್ತು.

"ಅಂದ್ರೆ ಅನಂತ," ಎಂದ ಅವನು ನಿಧಾನವಾಗಿ, "ಅವ್ರ ಅಕ್ಸರ ಅವ್ರಿಗೇ ಹೇಳ್ಕೊಟ್ಯೇನ್ಲಾ?"

ಹಿಂದಿನ ಸಾಲಿನಿಂದ ಬೋರಲಿಂಗಯ್ಯ ಎದ್ದು ನಿಂತ. "ನಾನ್ ಹೇಳ್ನಿಲ್ವಾ? ತಲೆ ಚೀನಾದ್ದು ಅಂತ!"

ಶಾಲು ಅನಂತರಾಜುವಿನ ಒಂದೇ ಹೆಗಲ ಮೇಲೆ ಉಳಿಯಿತು. ಹಾಗೇ ಮನೆಗೆ ಬಂದ.

ಸೋಮವಾರ ಬೆಳಿಗ್ಗೆ 'ನನ್ನನ್ನು ಮರಳಿ ಸ್ಟೋರಿಗೇ ಹಾಕಬೇಕು' ಎಂದು ಅರ್ಜಿ ಬರೆದುಕೊಂಡು ಅಶ್ವಥರ ಬಾಗಿಲಿಗೆ ಹೋದ. ಅಲ್ಲಿ ಅಶ್ವಥ್ ಇರಲಿಲ್ಲ. ಚನ್ನಪಟ್ಟಣದ ವಹಾಬ್ ಎದುರಿಗೆ ಓಡಿ ಬಂದ. ವಹಾಬ್ ಪ್ರೆಸ್ ಮೆಷಿನ್ನಿನ ಆಪರೇಟರು, ಅನಂತರಾಜುವಿನ ಬಹುಕಾಲದ ಗೆಳೆಯ.

"ಎಲ್ಲೋಗಿದ್ದೆ ಮಾರಾಯ! ನಿನ್ ಝಾವೊಗೆ ತಲೆ ಕೆಟ್ಟದೆ. ಬಾ ಬಾ!"

ಹೊಸ ಪ್ರೆಸ್ಸಿನ ಸುತ್ತ ಅರ್ಧ ಕಾರ್ಖಾನೆ ನೆರೆದಿತ್ತು. ಝಾವೊ ಮೆಷಿನ್ನಿನ ಸ್ವಿಚ್ಚಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಿದ್ದ. ಸುತ್ತ ಏಳು ಎಣ್ಣೆ ಡಬ್ಬ. ಎಣ್ಣೆ ಪಂಪು ಬಿಡುವಿಲ್ಲದೆ ಓಡಿ ಕಾದು ಹೋಗಿತ್ತು, ತುಂಬಿದ ಎಣ್ಣೆ ನೆಲಕ್ಕೆಲ್ಲ ಹರಿದಿತ್ತು. ಎಲೆಕ್ಟ್ರಿಷಿಯನ್ನು ಲೈನು ನೋಡಬೇಕು, ಮೆಷಿನ್ ನಿಲ್ಲಿಸು ಎಂದರೆ ಝಾವೊ, "ನೋ! ನೋ! ಆಯಿಲ್!" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ಎದುರಿಗೆ ಅರವತ್ತರ ಕುರೋದಾ ಕೈಕಟ್ಟಿ ನಿಂತಿದ್ದರು. ಮೊದಲ ಒಂದು ಗಂಟೆ ಅವರು ಈ ನಿಷ್ಠೆಯನ್ನು ಮೆಚ್ಚಿ ತಲೆದೂಗಿದ್ದರಂತೆ. ಈಗ ಮುಖ ಕೆಂಪಾಗಿತ್ತು.

"ಸ್ಟ್ರೈಕ್ ಮಾಡ್ತಿದಾನಾ? ಯಾರ ಕುಮ್ಮಕ್ಕು?" ಎನ್ನುತ್ತ ಅಶ್ವಥ್ ಮುಂದೆ ನುಗ್ಗಿದರು. ಮರುಕ್ಷಣ ಅವರು ಎಣ್ಣೆಯ ಮೇಲೆ ಕಾಲಿಟ್ಟು, ಎರಡು ಕಂಬಗಳ ನಡುವಿನ ಜಾಗವನ್ನು ಕುಳಿತ ಭಂಗಿಯಲ್ಲೇ ದಾಟಿ, ಪ್ಯಾಕಿಂಗ್ ವಿಭಾಗದಲ್ಲಿ ಹೋಗಿ ನಿಂತರು. ಯಾರೂ ನಗಲಿಲ್ಲ. ಮ್ಯಾನೇಜರ್ ಬಿದ್ದಾಗ ನಗಬಾರದೆಂಬ ತಿಳಿವಳಿಕೆ ಹಾರೋಹಳ್ಳಿಯಲ್ಲಿ ಎಲ್ಲರಿಗೂ ಉಂಟು.

"ಇವ್ನಿಗೆ ಯಾವಾಗ್ನಿಂದ ಹಿಂಗೆ?" ಎಂದು ಅನಂತರಾಜು ಕೇಳಿದ.

"ಆ ಬೋರ್ಡು ನೋಡ್ದಾಗ್ನಿಂದ" ಎಂದು ವಹಾಬ್ ಮೇಲೆ ತೋರಿಸಿದ.

ಶನಿವಾರ ಸಂಜೆ ಜಪಾನಿನಿಂದ ಬಂದ ದೊಡ್ಡ ಹಳದಿ ಫಲಕವನ್ನು ಕುರೋದಾ ಪ್ರೆಸ್ಸಿನ ಮೇಲೆ ಕಟ್ಟಿಸಿದ್ದರು. ಎಂಟು ಚಿತ್ರಾಕ್ಷರ. ಅದರಲ್ಲಿ ಮೂರು ಮಾತ್ರ ಅನಂತರಾಜುವಿಗೆ ಬರುತ್ತಿದ್ದವು. ಅವನು ಲಿನ್‌ಳನ್ನು ಹತ್ತಿರ ಕರೆದ. "ಇದನ್ನ ನಿಮ್ಮ ಭಾಷೇಲಿ ಓದಿದ್ರೆ ಏನಾಯ್ತದೆ?"

ಲಿನ್ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಮೊಬೈಲಿಗೆ ಹೇಳಿದಳು. ಮೊಬೈಲು ನುಡಿಯಿತು. "ಒಂದು ಕ್ಷಣ ಎಣ್ಣೆ ನಿಂತರೆ, ಜೀವನಪೂರ್ತಿ ನನ್ನನ್ನೇ ದೂಷಿಸಿ."

ಅನಂತರಾಜು ಜೇಬಿನಿಂದ ತನ್ನ ಜಪಾನಿ ನಿಘಂಟು ತೆಗೆದ. ಎಣ್ಣೆ, ತುಂಡಾಗು, ಈ ಎರಡು ಅಕ್ಷರ ಸೇರಿದರೆ ಜಪಾನಿನಲ್ಲಿ ಎಣ್ಣೆಯೂ ಇಲ್ಲ, ತುಂಡೂ ಇಲ್ಲ. ಮೈಮರೆವು ಎಂದರ್ಥ. ದೂಷಿಸು, ನಾನು, ಇವೆರಡು ಸೇರಿದರೆ ಗಾಯ. ಒಂದು ಕ್ಷಣ ಮೈಮರೆತರೆ ಜೀವನಪೂರ್ತಿ ಗಾಯ. ಎಲ್ಲ ಕಾರ್ಖಾನೆಗಳಲ್ಲೂ ಇರುವ ಸುರಕ್ಷತೆಯ ಮಾತು!

ಅವನು ಎಣ್ಣೆಯ ಮೇಲೆ ಜಾರದಂತೆ ಮೆಲ್ಲಮೆಲ್ಲಗೆ ಝಾವೊನ ಹತ್ತಿರ ಹೋಗಿ ನಿಘಂಟಿನ ಪುಟ ತೋರಿಸಿದ. ಝಾವೊ ಪುಟ ನೋಡಿದ, ಫಲಕ ನೋಡಿದ, ತನ್ನ ಏಳು ಡಬ್ಬ ನೋಡಿದ. ಚಾಚಿದ ಕೈಗಳು ಇಳಿದವು. ಪಂಪು ನಿಂತಿತು. ಝಾವೊ ನೆಲದಲ್ಲೇ ಕುಳಿತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ವಿಷಯ ತಿಳಿದ ಕುರೋದಾ ನಗಲಿಲ್ಲ. ಮೂವತ್ತು ವರ್ಷದಿಂದ ದಿನಾ ಓದುತ್ತ ಬಂದ ಆ ಮಾತನ್ನು ಹೊಸದಾಗಿ ನೋಡುವವರಂತೆ ತಲೆಯೆತ್ತಿ ನಿಂತೇ ಇದ್ದರು. "ಎಣ್ಣೆ..." ಎಂದು ಜಪಾನಿಯಲ್ಲಿ ತಮಗೆ ತಾವೇ ಹೇಳಿಕೊಂಡರು.

ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತ ವಹಾಬ್ ಹೇಳಿದ. "ಇದೇನ್ ಹೊಸದಾ ಅನಂತು? ಮೊನ್ನೆ ಗೇಟಿನ ಹತ್ರ ಉತ್ತರದ ಕಾಂಟ್ರ್ಯಾಕ್ಟರು ಹಿಂದೀಲಿ 'ರವಿವಾರ ಅವಕಾಶ' ಅಂತ ಬೋರ್ಡು ಹಾಕ್ದ. ನಮ್ಮೋರು ಯಾರೋ ಓದಿ ಹೇಳಿದ್ರು. ಭಾನುವಾರ ಓವರ್‌ಟೈಮಿಗೆ ಅವಕಾಶ ಐತೆ ಅಂತ ನಲವತ್ತು ಜನ ಬಂದು ಕೂತ್ರು. ಅವ್ನ ಭಾಷೇಲಿ ಅವಕಾಶ ಅಂದ್ರೆ ರಜ! ಗೊತ್ತಿಲ್ದಿರೋ ಮಾತಾದ್ರೆ ಕೇಳ್ತಿದ್ರು. ಗೊತ್ತು ಅಂದ್ಕಂಡಿದ್ದಕ್ಕೇ ಕೆಟ್ರು."

ಅನಂತರಾಜುವಿನ ಕೈಯಲ್ಲಿ ಟೀ ಆರಿತು. ಅವನು ಜೇಬಿನ ಅರ್ಜಿ ತೆಗೆದು, ಅದರ ಹಿಂಬದಿಯಲ್ಲಿ ಹೀಗೆ ಮೋಸ ಮಾಡುವ ಅಕ್ಷರಗಳ ಪಟ್ಟಿ ಬರೆಯತೊಡಗಿದ.

ಆ ಮಧ್ಯಾಹ್ನ ತರಗತಿಯಲ್ಲಿ ಅವನು ಬೆಟ್ಟ ಬರೆಯಲಿಲ್ಲ, ಮರ ಬರೆಯಲಿಲ್ಲ. "ನನಗೆ ನಿಮ್ಮಷ್ಟು ಅಕ್ಷರ ಬರುವುದಿಲ್ಲ," ಎಂದು ಮೊಬೈಲಿಗೆ ಹೇಳಿದ. ಇಷ್ಟು ನೇರವಾದ ಮಾತನ್ನು ಅವನು ನಾಮಕರಣದ ಕಾರ್ಡಿನ ನಂತರ ಆಡಿರಲಿಲ್ಲ. "ನಿಮಗೆ ಗೊತ್ತಿಲ್ಲದ್ದನ್ನು ಕಲಿಸುವುದು ನನ್ನಿಂದಾಗದು. ಗೊತ್ತು ಅಂದುಕೊಂಡಿರುವುದನ್ನು ಒಟ್ಟಿಗೆ ಹುಡುಕೋಣ."

ಶುರುವಾಯಿತು ಬೇಟೆ. ಲಿನ್ ಚೀನೀ ಅರ್ಥ ಹೇಳುವಳು, ಅನಂತರಾಜು ನಿಘಂಟು ಬಿಚ್ಚುವನು, ಆಮೇಲೆ ಐವರೂ ಬಾಯಿ ತೆರೆದು ಒಬ್ಬರ ಮುಖ ಒಬ್ಬರು ನೋಡುವರು. ಕೈ ಮತ್ತು ಕಾಗದ ಸೇರಿದರೆ ಜಪಾನಿನಲ್ಲಿ ಪತ್ರ, ಚೀನಾದಲ್ಲಿ ಕಕ್ಕಸಿನ ಕಾಗದ. ಹಿಂದಿನ ವಾರ ಕುರೋದಾ 'ನಿಮ್ಮ ಮನೆಯವರಿಗೆ ಪತ್ರ ಬರೆಯಿರಿ' ಎಂದು ಚೀಟಿ ಕಳಿಸಿದಾಗ ಹಿಂದಿನ ಬೆಂಚಿನವರು ಯಾಕೆ ಅಷ್ಟು ನೊಂದುಕೊಂಡಿದ್ದರು ಎಂಬುದು ಆಗ ತಿಳಿಯಿತು. ಜಪಾನಿನಲ್ಲಿ ಬಿಸಿನೀರು, ಚೀನಾದಲ್ಲಿ ಸಾರು. ಜಪಾನಿನಲ್ಲಿ ಓಡು, ಚೀನಾದಲ್ಲಿ ನಡೆ. ಜಪಾನಿನಲ್ಲಿ ವಿದ್ಯಾಭ್ಯಾಸ, ಚೀನಾದಲ್ಲಿ ಬಲವಂತ.

"ಇದ್ರಲ್ಲಿ ಮಾತ್ರ ಎರಡೂ ಒಂದೇ" ಎಂದ ಅನಂತರಾಜು.

ದಿನ ಕಳೆದಂತೆ ಅವನಿಗೆ ನಗುವಿಗಿಂತ ಬೆರಗು ಹೆಚ್ಚಾಯಿತು. ಈ ಅಕ್ಷರಗಳು ಹಡಗು ಹತ್ತಿ ಸಮುದ್ರ ದಾಟಿ, ದೂರದೂರಿಗೆ ಕೊಟ್ಟ ಹೆಣ್ಣುಮಕ್ಕಳ ಹಾಗೆ ಅಲ್ಲೇ ನೆಲೆ ನಿಂತಿದ್ದವು. ಮುಖ ತವರಿನದೇ. ಉಡುವುದು, ಉಣ್ಣುವುದು, ಆಡುವ ಮಾತು ಮಾತ್ರ ಗಂಡನ ಮನೆಯದು. ತವರಿನವರು ಬಂದು ಗುರುತು ಹಿಡಿದು ಮಾತಾಡಿಸಿದರೆ ಅವು ಬೇರೆಯೇ ಉತ್ತರ ಕೊಡುತ್ತವೆ. ಒಂದೊಂದು ಅಕ್ಷರ ಬರೆದು ಮುಗಿಸಿದಾಗಲೂ ಅವನು ಸೀಮೆಸುಣ್ಣ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ನಾಲ್ವರು ಶಿಷ್ಯರೂ ಸುಮ್ಮನೆ ಕೂತಿರುತ್ತಿದ್ದರು. ಕ್ಯಾಂಟೀನಿನವರು ಇದು ಜಪಾನಿ ಪ್ರಾರ್ಥನೆಯಿರಬೇಕೆಂದು ಪಾತ್ರೆ ಸದ್ದು ಮಾಡದೆ ತೊಳೆಯತೊಡಗಿದರು. ಅಕ್ಷರದ ಜಪಾನಿ ಉಚ್ಚಾರ ಕೇಳಿದಾಗ ಅನಂತರಾಜು ಹೇಳುತ್ತಿದ್ದ. ಬಾರದಿದ್ದರೆ "ನಾಳೆ ಹೇಳ್ತೀನಿ" ಎನ್ನುತ್ತಿದ್ದ, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದು ಹೇಳುತ್ತಿದ್ದ. ಏಪ್ರಿಲಿನ ಹೊತ್ತಿಗೆ ಪಟ್ಟಿ ಇನ್ನೂರಾ ಹನ್ನೊಂದಕ್ಕೆ ಮುಟ್ಟಿತು.

ಪರೀಕ್ಷೆಯ ದಿನ ಕುರೋದಾ ಐದು ಪ್ರಶ್ನೆಪತ್ರಿಕೆ ತಂದಿದ್ದರು. "ಶಿಷ್ಯರು ನಾಲ್ಕೇ ಸರ್" ಎಂದರು ಅಶ್ವಥ್. "ಗುರುವೂ ಬರೆಯಲಿ" ಎಂದರು ಕುರೋದಾ. ಮೆಷಿನ್ನಿನ ಕೈಪಿಡಿಯಿಂದ ಆರಿಸಿದ ಕಠಿಣವಾದ ವಾಕ್ಯಗಳು. ಅನಂತರಾಜು ಎರಡು ಗಂಟೆ ಬೆವರಿದ.

ಫಲಿತಾಂಶವನ್ನು ಕುರೋದಾ ಎಲ್ಲರೆದುರು ಓದಿದರು. ಲಿನ್ ತೊಂಬತ್ತಾರು. ಹಿಂದಿನ ಬೆಂಚಿನ ಇಬ್ಬರೂ ಎಂಬತ್ತೊಂದು. ಝಾವೊ ಎಪ್ಪತ್ತು, ಪಾಸು. ಅನಂತರಾಜು ನಲವತ್ತೆರಡು, ಫೇಲು.

ಅಶ್ವಥ್ ತಲೆಯ ಮೇಲೆ ಕೈ ಹೊತ್ತರು. "ಮೇಷ್ಟ್ರೇ ಫೇಲಾ! ಹೆಡ್ಡಾಫೀಸಿಗೆ ನಾನೇನ್ರೀ ಬರೀಲಿ?"

ಕುರೋದಾ ಕಾಗದ ಕೆಳಗಿಟ್ಟರು. ಮೇಜಿನ ಮೇಲಿದ್ದ ತರಗತಿಯ ಪಟ್ಟಿಯನ್ನು ಕೈಗೆತ್ತಿಕೊಂಡು ಇನ್ನೂರಾ ಹನ್ನೊಂದು ಸಾಲನ್ನೂ ನಿಂತಲ್ಲೇ ಓದಿದರು. ಓದಿ ಮುಗಿಸಿ ಅನಂತರಾಜುವಿನ ಮುಂದೆ ಬಂದು ತಮ್ಮ ಬಿಳಿತಲೆ ಸೊಂಟದ ಮಟ್ಟಕ್ಕೆ ಬರುವಂತೆ ಬಗ್ಗಿದರು. ಬಗ್ಗಿ, ಬಹಳ ಹೊತ್ತು ಏಳಲಿಲ್ಲ. ಅವರಿಗೆ ಸೊಂಟ ಹಿಡಿದಿರಬಹುದೆಂದು ಅಶ್ವಥ್ ಎತ್ತಲು ಹೋದರು. ಹಾಗಲ್ಲ, ಅದು ಗೌರವ ಎಂದು ಲಿನ್ ಕಣ್ಣಲ್ಲೇ ತಡೆದಳು. ಏಳುತ್ತ ಕುರೋದಾ ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದರು. "ಇದು ನನಗೂ ಗೊತ್ತಿರಲಿಲ್ಲ. ಜೂನಿನಲ್ಲಿ ಇನ್ನೂ ಆರು ಜನ ಬರುತ್ತಾರೆ. ನೀವೇ ಕಲಿಸಬೇಕು."

ಹೊರಡುವ ಮುನ್ನಾದಿನ ಲಿನ್ ಮತ್ತು ಝಾವೊ ಮಧ್ಯಾಹ್ನದ ಊಟಕ್ಕೆ ದೊಡ್ಡಆಲಹಳ್ಳಿಗೆ ಬಂದರು. ಮುದ್ದೆ, ಅವರೆಕಾಳಿನ ಸಾರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಪುಟ್ಟಸ್ವಾಮಿ ಖುದ್ದಾಗಿ ಬಂದು ಕೂತು ಝಾವೊಗೆ ಪಾಠ ಹೇಳುತ್ತಿದ್ದ. ಝಾವೊ ಒಂದೇ ಸಲಕ್ಕೆ ಕಲಿತ. ಪುಟ್ಟಸ್ವಾಮಿ ಅನುಮಾನದಿಂದ, "ಮುದ್ದೇನೂ ನಿಮ್ದೇ ಅನ್ಬ್ಯಾಡ್ರಪ್ಪ ಮತ್ತೆ" ಎಂದ.

ಶಿವಲಿಂಗಮ್ಮ ಲಿನ್‌ಳ ತಟ್ಟೆಯ ಮುಂದೆ ಬಗ್ಗಿದಳು. "ಇನ್ನೊಂದು ಇಕ್ಕುಸ್ಕೊಳವ್ವ. ಸಮುದ್ರ ದಾಟಿ ಹೋಗೋಳು. ಉಣ್ಣು ನನ್ನವ್ವ."

ಲಿನ್ ತಲೆಯೆತ್ತಿದಳು. ಮೂರು ತಿಂಗಳಲ್ಲಿ ಅವಳಿಗೆ ಹತ್ತಿಪ್ಪತ್ತು ಕನ್ನಡ ಮಾತು ಬಂದಿದ್ದವು. "ಮಾಸ್ಟರ್," ಎಂದಳು ಮುರುಕು ಇಂಗ್ಲಿಷಿನಲ್ಲಿ, "ಅವ್ವ ಅಂದರೆ ಮದರ್. ನೀವು ಇವರನ್ನು ಅವ್ವ ಅನ್ನುತ್ತೀರಿ. ಇವರು ನನ್ನನ್ನು ಯಾಕೆ ಅವ್ವ ಅನ್ನುತ್ತಾರೆ? ನಾನು ಇವರ ಮಗಳ ವಯಸ್ಸಿನವಳು."

ಅದು ಅನಂತರಾಜು ಹುಟ್ಟಿದಾಗಿನಿಂದ ಕೇಳಿದ ಮಾತು, ಯಾಕೆಂದು ಯಾರೂ ಕೇಳಿರಲಿಲ್ಲ. "ನಮ್ಮ ಕಡೆ ಹಂಗೇ," ಎಂದ. "ಮಗಳನ್ನ ಅವ್ವ ಅಂತೀವಿ."

ಲಿನ್ ತಟ್ಟೆ ಪಕ್ಕಕ್ಕೆ ಸರಿಸಿದಳು. ಲೋಟದ ನೀರಿಗೆ ಎಡಗೈ ಬೆರಳು ಅದ್ದಿ ಕೆಂಪು ನೆಲದ ಮೇಲೆ ಒಂದು ಅಕ್ಷರ ಬರೆದಳು. ಎಡಕ್ಕೆ ಹೆಣ್ಣು, ಬಲಕ್ಕೆ ಒಳ್ಳೆಯದು. ಇನ್ನೂರಾ ಹನ್ನೊಂದರಲ್ಲಿ ಅವರಿಬ್ಬರಿಗೂ ಬಗೆಹರಿಯದೆ ಉಳಿದದ್ದು ಅದೊಂದೇ. ಚೀನಾದ ಹಳ್ಳಿಗಳಲ್ಲಿ ಅದರರ್ಥ ತಾಯಿ. ಜಪಾನಿನಲ್ಲಿ ಮಗಳು. ತಾಯಿಯಾಗಿ ಹಡಗು ಹತ್ತಿದ್ದು ಮಗಳಾಗಿ ಹೇಗೆ ಇಳಿಯಿತು ಎಂಬುದಕ್ಕೆ ನಿಘಂಟಿನಲ್ಲಿ ಉತ್ತರವಿರಲಿಲ್ಲ, ಕುರೋದಾರ ಬಳಿಯೂ ಇರಲಿಲ್ಲ.

ಅನಂತರಾಜು ಆ ಅಕ್ಷರವನ್ನೂ ತನ್ನ ತಾಯಿಯನ್ನೂ ನೋಡಿದ. ಅವನ ತೋಳಿನ ಕೂದಲು ನಿಮಿರಿತು. ಲಿನ್‌ಳ ಕಣ್ಣು ತುಂಬಿತು. ಝಾವೊ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತ. ಏನಾಯಿತೆಂದು ತಿಳಿಯದಿದ್ದರೂ ಪುಟ್ಟಸ್ವಾಮಿ ಟವೆಲು ಹೆಗಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. ನೆಲದ ಮೇಲಿನ ನೀರು ಒಂದೊಂದೇ ಗೀಟಾಗಿ ಆರುತ್ತ ಬಂತು.

ಶಿವಲಿಂಗಮ್ಮನಿಗೆ ಸಾಕಾಯಿತು.

"ಹೆಣ್ಮಗ ಅಂದ್ಮೇಲೆ ಅವ್ವನೇ ಅಲ್ವಾ? ಅದ್ಕೆ ಇಷ್ಟೊಂದು ಓದ್ಬೇಕಾ?" ಎಂದು ಇನ್ನೊಂದು ಮುದ್ದೆಯನ್ನು ಲಿನ್‌ಳ ತಟ್ಟೆಗೆ ಹಾಕಿದಳು. "ಬಿಸಿ ಆರೋಯ್ತದೆ, ಉಣ್ಣವ್ವ."